ಬಿತ್ತಿದಂತೆ ಬೆಳೆಯದ ಹಣ್ಣು

(ಸಾಗರದಲ್ಲಿ ಓದುಗರ ಕೂಟವೊಂದರಲ್ಲಿ ಒಂದು ಭಾನುವಾರ ಆಡಿದ ಮಾತುಗಳ ಬರಹ ರೂಪ. ಕೇಳುಗರ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನೂ ಆಯಾ ಜಾಗದಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೇಜಿನ ಮೇಲೆ ಐದು ಬಗೆಯ ಸೇಬು ಇಟ್ಟಿದ್ದೇನೆ. ಮಾತು ಮುಗಿದ ಮೇಲೆ ಹೆಚ್ಚಿ ಎಲ್ಲರಿಗೂ ಹೋಳು ಕೊಡುತ್ತೇನೆ. ಮೂರು ಬಗೆ ಶಿವಮೊಗ್ಗದ ಅಂಗಡಿಯಲ್ಲಿ ಸಿಕ್ಕವು. ಒಂದನ್ನು ಬೆಂಗಳೂರಿನಿಂದ ಮಗಳು ತಂದಳು. ಈ ಹಳದಿ ಹಣ್ಣು ಮಾತ್ರ ಹಿಮಾಚಲದ ಗೆಳೆಯರೊಬ್ಬರು ಪೆಟ್ಟಿಗೆ ಕಟ್ಟಿ ಕಳಿಸಿದ್ದು.

ಬಿತ್ತಿದಂತೆ ಬೆಳೆ ಅಂತ ನಮ್ಮಲ್ಲಿ ಮಾತಿದೆ. ರಾಗಿ ಬಿತ್ತಿದರೆ ರಾಗಿ, ಅಲಸಂದೆ ಬಿತ್ತಿದರೆ ಅಲಸಂದೆ. ಸೇಬಿನ ವಿಷಯದಲ್ಲಿ ಆ ಮಾತು ನಡೆಯುವುದಿಲ್ಲ. ಒಂದನ್ನು ಈಗಲೇ ಕೊಯ್ಯುತ್ತೇನೆ, ನೋಡಿ. ಮನೆಯಲ್ಲಿ ನಾವು ತೊಟ್ಟಿನಿಂದ ಕೆಳಕ್ಕೆ ಸೀಳುತ್ತೇವೆ. ಹಾಗಲ್ಲದೆ ಅಡ್ಡಡ್ಡ ಕೊಯ್ದರೆ ನಡುವೆ ಐದು ಮೂಲೆಯ ನಕ್ಷತ್ರ ಕಾಣುತ್ತದೆ. ಐದು ಗೂಡು, ಸಾಮಾನ್ಯವಾಗಿ ಗೂಡಿಗೆ ಎರಡು ಬೀಜ. ಎಲ್ಲ ಗೂಡೂ ತುಂಬಿದ್ದರೆ ಹತ್ತು. ಈ ಹತ್ತನ್ನೂ ನೆಟ್ಟು ಏಳೆಂಟು ವರ್ಷ ಕಾದರೆ ಹತ್ತು ಬೇರೆ ಬೇರೆ ಹಣ್ಣಿನ ಹತ್ತು ಮರ ಸಿಗುತ್ತವೆ. ಒಂದರ ಹಣ್ಣು ಹುಳಿ, ಇನ್ನೊಂದರದು ಒಗರು, ಮತ್ತೊಂದರದು ನೆಲ್ಲಿಕಾಯಿಯಷ್ಟೇ. ತಾಯಿಯ ಹಾಗಿರುವುದು ಒಂದೂ ಇರುವುದಿಲ್ಲ.

ಯಾಕೆ ಅಂದರೆ, ಸೇಬಿನ ಹೆಚ್ಚಿನ ತಳಿಗಳ ಹೂ ತನ್ನ ಪರಾಗವನ್ನು ತಾನು ಒಪ್ಪುವುದಿಲ್ಲ. ತನ್ನದೇ ತಳಿಯ ಪಕ್ಕದ ಮರದ್ದೂ ಆಗದು. ಬೇರೆ ತಳಿಯ ಪರಾಗವೇ ಬೇಕು. ಹಾಗಾಗಿ ಪ್ರತಿ ಬೀಜದಲ್ಲೂ ತಾಯಿಯ ಅರ್ಧ, ಯಾವುದೋ ತಂದೆಯ ಅರ್ಧ, ಆ ಇಬ್ಬರೊಳಗೂ ಅಡಗಿದ್ದ ಹಿಂದಿನವರ ಗುಣಗಳು, ಎಲ್ಲ ಹೊಸದಾಗಿ ಕಲೆಸಿರುತ್ತವೆ.

ಹಾಗಾದರೆ ಅಂಗಡಿಯಲ್ಲಿ ಲಕ್ಷಗಟ್ಟಲೆ ಒಂದೇ ರುಚಿಯ ಹಣ್ಣು ಹೇಗೆ ಬರುತ್ತವೆ? ಇದನ್ನು ಮಲೆನಾಡಿನವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ನಾವು ಅಪ್ಪೆಮಿಡಿಗೆ ಮಾಡುವುದನ್ನೇ ಅವರು ಸೇಬಿಗೆ ಮಾಡುತ್ತಾರೆ. ಹೊಳೆದಂಡೆಯಲ್ಲಿ ಒಂದು ಮರ. ಅದರ ಮಿಡಿಯ ಪರಿಮಳ ಊರಿನ ಬೇರಾವ ಮರಕ್ಕೂ ಇಲ್ಲ. ಓಟೆ ನೆಟ್ಟರೆ ಆ ಪರಿಮಳವೇ ಬರುತ್ತದೆ ಅನ್ನುವ ಭರವಸೆಯಿಲ್ಲ. ಅದಕ್ಕೇ ಕಡ್ಡಿ ತಂದು ಕಸಿ ಕಟ್ಟುತ್ತೇವೆ. ಅನಂತಭಟ್ಟನ ಅಪ್ಪೆ ಇವತ್ತು ನೂರಾರು ಮನೆಗಳ ಹಿತ್ತಿಲಲ್ಲಿ ಇರುವುದು ಹೀಗೆ. ಸೇಬಿನ ತಳಿ ಅಂದರೂ ಅಷ್ಟೇ: ಎಲ್ಲೋ ಒಮ್ಮೆ ಹುಟ್ಟಿದ ಒಂದೇ ಒಂದು ಮರ. ಮಿಕ್ಕ ಕೋಟಿ ಮರಗಳೂ ಅದರ ಕೊಂಬೆಗಳೇ, ಬೇರೆಯವರ ಬೇರಿನ ಮೇಲೆ ಕೂತ ಕೊಂಬೆಗಳು. ಕಸಿ ಕಟ್ಟುವ ಕೈ ನಿಂತರೆ ಆ ತಳಿಯ ಕಥೆ ಅಲ್ಲಿಗೆ ಮುಗಿಯಿತು. ಇವತ್ತು ನಾನು ಹೇಳಬೇಕೆಂದಿರುವುದು ಇದನ್ನೇ. ನನಗೆ ಇಷ್ಟವಾದ ಕೆಲವು ಸೇಬುಗಳು ಎಲ್ಲಿ ಹುಟ್ಟಿದವು, ಯಾರ ಕೈಯಿಂದ ಉಳಿದವು, ಯಾರ ಕೈಯಲ್ಲಿ ಕೆಟ್ಟವು.

ಸೇಬಿನ ನಂಟು ನನಗೆ ಬಂದದ್ದು ನೌಕರಿಯಿಂದ. ಬ್ಯಾಂಕಿನಲ್ಲಿದ್ದಾಗ ಶಿಮ್ಲಾ ಜಿಲ್ಲೆಗೆ ವರ್ಗವಾಗಿ ನಾಲ್ಕು ವರ್ಷ ಅಲ್ಲಿದ್ದೆ. ತೋಟದ ಸಾಲ ಮಂಜೂರು ಮಾಡುವ ಮೊದಲು ಹೋಗಿ ಮರ ಎಣಿಸಬೇಕು. ಏಪ್ರಿಲ್ ತಿಂಗಳಲ್ಲಿ ಮೊದಲ ಸಲ ಹೋದಾಗ ಕಂಡದ್ದು ಇನ್ನೂ ಕಣ್ಣಲ್ಲಿದೆ. ಇಳಿಜಾರಿನ ತುಂಬ ಬಿಳಿ-ಗುಲಾಬಿ ಹೂ. ಅಲ್ಲಲ್ಲಿ ಕೊಂಬೆಗಳಿಗೆ ನೀರು ತುಂಬಿದ ಪ್ಲಾಸ್ಟಿಕ್ ಚೀಲ ಕಟ್ಟಿ, ಅದರೊಳಗೆ ಬೇರೆ ಮರದಿಂದ ಕಡಿದು ತಂದ ಹೂವಿನ ಕಡ್ಡಿಗಳನ್ನು ಇಟ್ಟಿದ್ದರು. ಹಬ್ಬಕ್ಕೆ ಸಿಂಗರಿಸಿದ್ದಾರೆ ಅಂದುಕೊಂಡೆ. ತೋಟದ ಯಜಮಾನರು, ಎಪ್ಪತ್ತು ದಾಟಿದವರು, ತಿಳಿಸಿ ಹೇಳಿದರು. ಅವರ ತೋಟವೆಲ್ಲ ಕೆಂಪು ಹಣ್ಣಿನದು, ಬೇರೆ ತಳಿಯ ಮರ ಸಾಲದು. ಅದಕ್ಕೆ ಗೋಲ್ಡನ್ ಡೆಲಿಷಿಯಸ್ ಎಂಬ ಹಳದಿ ಹಣ್ಣಿನ ಮರದ ಹೂಗಡ್ಡಿ ತಂದು ಕಟ್ಟಿದ್ದಾರೆ, ಜೇನುಹುಳು ಅದರಿಂದ ಇದಕ್ಕೆ ಓಡಾಡಲಿ ಅಂತ. ಜೇನುಪೆಟ್ಟಿಗೆಗಳನ್ನೂ ಹೂವಿನ ಕಾಲಕ್ಕೆ ಬಾಡಿಗೆಗೆ ತರಿಸುತ್ತಾರೆ.

ಆ ಯಜಮಾನರೇ ನನಗೆ ಸ್ಟೋಕ್ಸ್ ಕಥೆ ಹೇಳಿದ್ದು. ಆ ಕಡೆ ಅದನ್ನು ಹೇಳದ ಮನೆಯೇ ಇಲ್ಲ. ಸ್ಯಾಮ್ಯುಯಲ್ ಇವಾನ್ಸ್ ಸ್ಟೋಕ್ಸ್, ಅಮೆರಿಕದ ಫಿಲಡೆಲ್ಫಿಯಾದ ಸಿರಿವಂತ ಮನೆಯ ಹುಡುಗ. ಕುಷ್ಠರೋಗಿಗಳ ಸೇವೆ ಮಾಡಲು 1904ರಲ್ಲಿ ಭಾರತಕ್ಕೆ ಬಂದ, ಕೋಟ್‌ಗಢದ ಬೆಟ್ಟಗಳಲ್ಲಿ ನೆಲೆಸಿದ, ಅಲ್ಲಿಯ ಹೆಣ್ಣನ್ನೇ ಮದುವೆಯಾದ. ಅವನಿಗಿಂತ ಮೊದಲೇ ಬ್ರಿಟಿಷರು ಕುಲ್ಲು ಮತ್ತು ಶಿಮ್ಲಾ ಕಡೆ ಸೇಬು ನೆಟ್ಟಿದ್ದರು. ಆದರೆ ಅವು ಇಂಗ್ಲೆಂಡಿನ ನಾಲಿಗೆಗೆ ಒಗ್ಗಿದ ಹುಳಿ-ಸಿಹಿ ತಳಿಗಳು. ಇಲ್ಲಿಯ ಪೇಟೆಯಲ್ಲಿ ನಡೆಯಲಿಲ್ಲ. ಸ್ಟೋಕ್ಸ್ ಅಮೆರಿಕದಿಂದ ಡೆಲಿಷಿಯಸ್ ಸಸಿಗಳನ್ನು ತರಿಸಿ 1916ರಲ್ಲಿ ನೆಟ್ಟ. ಸಿಹಿ, ಕೆಂಪು, ದೂರ ಸಾಗಿಸಿದರೂ ತಾಳುವ ಹಣ್ಣು. ಸುತ್ತಲಿನ ರೈತರಿಗೆ ಸಸಿ ಹಂಚಿದ. 1921ರಲ್ಲಿ ಅಸಹಕಾರ ಚಳವಳಿಯಲ್ಲಿ ಜೈಲಿಗೂ ಹೋದ. 1932ರಲ್ಲಿ ಹಿಂದೂ ಧರ್ಮ ಸೇರಿ ಸತ್ಯಾನಂದನಾದ. ಹಿಮಾಚಲದ ಸೇಬಿನ ಬದುಕು ನಿಂತಿರುವುದು ಆ ಸಸಿಗಳ ಮೇಲೆ.

ಈಗ ಆ ಡೆಲಿಷಿಯಸ್ ಎಲ್ಲಿ ಹುಟ್ಟಿತು ಅನ್ನುವುದಕ್ಕೆ ಬರೋಣ. ಅಮೆರಿಕದ ಅಯೋವಾ ರಾಜ್ಯದಲ್ಲಿ ಪೆರು ಅನ್ನುವ ಹಳ್ಳಿ. ಜೆಸ್ಸಿ ಹಯಾಟ್ ಎಂಬ ರೈತನ ತೋಟದಲ್ಲಿ, ಸಾಲು ಬಿಟ್ಟು ಒಂದು ಸಸಿ ತಾನಾಗಿ ಎದ್ದಿತು. ಸಾಲಿಗೆ ಅಡ್ಡ ಅಂತ ಕಡಿದ. ಚಿಗುರಿತು. ಮತ್ತೆ ಕಡಿದ. ಮತ್ತೆ ಚಿಗುರಿತು. ಇಷ್ಟು ಬದುಕುವ ಹಟ ಇದ್ದರೆ ಬದುಕಲಿ ಅಂತ ಬಿಟ್ಟ. 1880ರ ಹೊತ್ತಿಗೆ ಹಣ್ಣು ಬಂತು. ಅದಕ್ಕೆ ಹಾಕ್‌ಐ ಅಂತ ಹೆಸರಿಟ್ಟ. ಮಿಸೌರಿಯಲ್ಲಿ ಸ್ಟಾರ್ಕ್ ನರ್ಸರಿಯವರು 1893ರಲ್ಲಿ ನಡೆಸಿದ ಹಣ್ಣಿನ ಸ್ಪರ್ಧೆಗೆ ಕಳಿಸಿದ. ಹಣ್ಣು ಗೆದ್ದಿತು, ಆದರೆ ಕಳಿಸಿದವರ ಹೆಸರಿನ ಚೀಟಿ ಕಳೆದುಹೋಯಿತು. ಮುಂದಿನ ವರ್ಷ ಹಯಾಟ್ ಮತ್ತೆ ಕಳಿಸಿದ ಮೇಲೆಯೇ ಒಡೆಯ ಯಾರೆಂದು ತಿಳಿದದ್ದು. ಹಕ್ಕು ಕೊಂಡ ನರ್ಸರಿಯವರು ಡೆಲಿಷಿಯಸ್ ಅಂತ ಹೊಸ ಹೆಸರಿಟ್ಟರು. ಎರಡು ಸಲ ಕತ್ತಿ ತಿಂದ ಒಂದು ಸಸಿ ಇವತ್ತು ಶಿವಮೊಗ್ಗದ ತಳ್ಳುಗಾಡಿಯವರೆಗೆ ಬಂದಿದೆ!

ಆಮೇಲೆ ಆದದ್ದನ್ನು ಹೇಳುವಾಗ ನನಗೆ ಸಂಕಟವಾಗುತ್ತದೆ. ಹಯಾಟನ ಮರದ ಹಣ್ಣು ಪೂರ್ತಿ ಕೆಂಪಾಗಿರಲಿಲ್ಲ, ಹಳದಿ ಮೈಮೇಲೆ ಕೆಂಪು ಗೆರೆಗಳಿದ್ದವು. ಸೇಬಿನ ಮರದಲ್ಲಿ ಕೆಲವೊಮ್ಮೆ ಒಂದೇ ಕೊಂಬೆ ತಾನಾಗಿ ಬದಲಾಗುತ್ತದೆ. ಮರವೆಲ್ಲ ಒಂದು ಬಣ್ಣ, ಆ ಕೊಂಬೆ ಮಾತ್ರ ಬೇರೆ. 1920ರ ದಶಕದಲ್ಲಿ ನ್ಯೂ ಜೆರ್ಸಿಯ ತೋಟವೊಂದರಲ್ಲಿ ಹಾಗೆ ಹೆಚ್ಚು ಕೆಂಪು, ಬೇಗ ಕೆಂಪು ಆಗುವ ಕೊಂಬೆ ಸಿಕ್ಕಿತು. ಅಂಗಡಿಯಲ್ಲಿ ಕೆಂಪಿಗೆ ಬೆಲೆ. ಆ ಕೊಂಬೆಯ ಕಸಿ ನಡೆಯಿತು. ಅದಕ್ಕಿಂತ ಕೆಂಪಿನದು ಸಿಕ್ಕಿತು, ಅದರ ಕಸಿ ನಡೆಯಿತು. ಹೀಗೆ ದಶಕಗಟ್ಟಲೆ. ಬೇಗ ಕೆಂಪಾದರೆ ಒಳಗೆ ಮಾಗುವ ಮುಂಚೆಯೇ ಕೊಯ್ಯಬಹುದು. ಸಿಪ್ಪೆ ದಪ್ಪವಾಯಿತು, ಪೆಟ್ಟಾದರೂ ಕಾಣದಷ್ಟು ಗಾಢವಾಯಿತು. ತಿರುಳಿನ ಕಡೆ ಯಾರೂ ನೋಡಲಿಲ್ಲ. ಕಚ್ಚಿದರೆ ಹಿಟ್ಟು ಹಿಟ್ಟು ಅನ್ನುವ ಸೇಬು ನೀವೂ ತಿಂದಿರುತ್ತೀರಿ. ಅದು ಆ ಮರದ ಹುಟ್ಟುಗುಣವಲ್ಲ. ಬಣ್ಣ ನೋಡಿ ಕೊಳ್ಳುವ ನಮ್ಮ ಅಭ್ಯಾಸ, ಬಣ್ಣ ನೋಡಿ ಕಡ್ಡಿ ಆರಿಸಿದವರ ಕೆಲಸ, ಎರಡೂ ಸೇರಿ ಆದದ್ದು. ಐವತ್ತಕ್ಕೂ ಹೆಚ್ಚು ವರ್ಷ ಅಮೆರಿಕದಲ್ಲಿ ಮೊದಲ ಸ್ಥಾನದಲ್ಲಿದ್ದ ಆ ಹಣ್ಣನ್ನು 2018ರಲ್ಲಿ ಗಾಲಾ ಎಂಬ ಹೊಸ ತಳಿ ಹಿಂದಿಕ್ಕಿತು.

ಒಬ್ಬರು ಕೇಳಿದರು: ಹಾಗಾದರೆ ಹಿಮಾಚಲದ ಸೇಬೂ ಹಿಟ್ಟೇನಾ? ಅಲ್ಲ. ಈ ಬಳಗದ ಒಂದು ಹಳೆಯ ಬಗೆಗೆ ಅಲ್ಲಿ ರಾಯಲ್ ಅಂತ ಹೆಸರು. ಎತ್ತರದ ತೋಟದಲ್ಲಿ, ಮರದ ಮೇಲೇ ಮಾಗಿದ ರಾಯಲ್ಲನ್ನು ಅಲ್ಲೇ ನಿಂತು ತಿಂದರೆ ರಸ ಮೊಣಕೈವರೆಗೆ ಇಳಿಯುತ್ತದೆ. ಕೊಂಡು ತಂದ ಹಣ್ಣು ಹಿಟ್ಟಾಗಿದ್ದರೆ ಬೇಗ ಕೊಯ್ದದ್ದೋ, ಬಹಳ ದಿನ ಇಟ್ಟದ್ದೋ, ಎರಡೂ ಇರಬಹುದು. ಆರಿಸುವಾಗ ಒಂದು ಕೆಲಸ ಮಾಡಿ. ಕೆಂಪು ನೋಡಬೇಡಿ, ಕೆಂಪಿನ ಹಿಂದೆ, ತೊಟ್ಟಿನ ಗುಳಿಯ ಹತ್ತಿರ ಇರುವ ತಳಬಣ್ಣ ನೋಡಿ. ಅದು ಇನ್ನೂ ಎಳೆಹಸಿರಾಗಿದ್ದರೆ ಬೇಗ ಕೊಯ್ದದ್ದು. ತುಸು ಬೆಣ್ಣೆಯ ಬಣ್ಣಕ್ಕೆ ತಿರುಗಿದ್ದರೆ ಮಾಗಿದೆ.

ಹಿಮಾಚಲದ ಪೇಟೆಯಲ್ಲಿ ಸೋತ ಇಂಗ್ಲಿಷ್ ತಳಿಗಳಲ್ಲಿ ಒಂದರ ಹೆಸರು ಕಾಕ್ಸ್ ಆರೆಂಜ್ ಪಿಪಿನ್. ಆ ಯಜಮಾನರ ತೋಟದಲ್ಲಿ ಅದರ ಒಂದೇ ಒಂದು ಮುದಿ ಮರ ಇತ್ತು. ಮಾರುವುದಕ್ಕಲ್ಲ, ಮನೆಯವರಿಗೆ. ಕೊಯ್ದು ತಂದ ಹಣ್ಣನ್ನು ನನ್ನ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಳಗೆ ಬೀಜ ಕಟಕಟ ಅಂದವು. ಕಾಕ್ಸ್ ಚೆನ್ನಾಗಿ ಮಾಗಿದರೆ ಬೀಜಗಳು ಗೂಡಿನಲ್ಲಿ ಬಿಡಿಯಾಗುತ್ತವೆ. ಸಣ್ಣ ಹಣ್ಣು, ಮೈಮೇಲೆ ಒರಟು ಕಂದು ಮಚ್ಚೆ, ಸಂತೆಯಲ್ಲಿ ಯಾರೂ ಕೈಗೆತ್ತಿಕೊಳ್ಳದಂಥ ರೂಪ. ಬಾಯಿಗಿಟ್ಟರೆ ಮೊದಲು ಹುಳಿ, ಹಿಂದೆಯೇ ಸಿಹಿ, ಆಮೇಲೆ ಬಹಳ ಹೊತ್ತು ನಿಲ್ಲುವ ಒಂದು ಘಮ. ನಾನು ತಿಂದ ಸೇಬುಗಳಲ್ಲಿ ಇಷ್ಟು ಮಾತಾಡುವ ಹಣ್ಣು ಇನ್ನೊಂದಿಲ್ಲ. ಇದು ಹುಟ್ಟಿದ್ದು 1825ರ ಸುಮಾರಿಗೆ, ಲಂಡನ್ ಹತ್ತಿರದ ಕೋನ್‌ಬ್ರೂಕ್‌ನಲ್ಲಿ. ಬಿಯರ್ ಕಾರ್ಖಾನೆಯ ವ್ಯವಹಾರ ಬಿಟ್ಟು ಕೈತೋಟ ಹಿಡಿದಿದ್ದ ರಿಚರ್ಡ್ ಕಾಕ್ಸ್ ಎಂಬುವರು ನೆಟ್ಟ ಬೀಜದಿಂದ.

ಇನ್ನೊಂದು ಇಂಗ್ಲಿಷ್ ಸೇಬಿನ ಕಥೆ ಹೇಳಲೇಬೇಕು, ಯಾಕೆಂದರೆ ಅದರಲ್ಲಿ ಒಂದು ಅನ್ಯಾಯ ಇದೆ. 1809ರಲ್ಲಿ ನಾಟಿಂಗ್‌ಹ್ಯಾಮ್‌ಶೈರ್‌ನ ಸೌತ್‌ವೆಲ್ ಅನ್ನುವ ಊರಿನಲ್ಲಿ ಮೇರಿ ಆ್ಯನ್ ಬ್ರೈಲ್ಸ್‌ಫರ್ಡ್ ಎಂಬ ಹುಡುಗಿ ಕೆಲವು ಸೇಬಿನ ಬೀಜ ನೆಟ್ಟಳು. ಒಂದು ಮರವಾಯಿತು. ಅವಳು ಮದುವೆಯಾಗಿ ಹೋದಳು. 1846ರಲ್ಲಿ ಆ ಮನೆಯನ್ನು ಬ್ರ್ಯಾಮ್ಲಿ ಎಂಬ ಮಾಂಸದ ವ್ಯಾಪಾರಿ ಕೊಂಡ. ಹತ್ತು ವರ್ಷದ ಮೇಲೆ ನರ್ಸರಿಯ ಮೆರ್ರಿವೆದರ್ ಎಂಬ ಯುವಕ ಕಸಿ ಕಡ್ಡಿ ಕೇಳಿದಾಗ ಬ್ರ್ಯಾಮ್ಲಿ ಒಪ್ಪಿದ್ದು ಒಂದೇ ಷರತ್ತಿನ ಮೇಲೆ: ಹಣ್ಣಿಗೆ ತನ್ನ ಹೆಸರಿಡಬೇಕು. ಇಂಗ್ಲೆಂಡಿನ ಅಡುಗೆಮನೆಗಳಲ್ಲಿ ಬೇಯಿಸಲು ಬಳಸುವ ಆ ಹುಳಿ ಸೇಬು ಇವತ್ತಿಗೂ ಬ್ರ್ಯಾಮ್ಲಿ. ನೆಟ್ಟು ನೀರೆರೆದವಳಿಗೆ ತನ್ನ ಮರ ಹೆಸರುವಾಸಿಯಾದದ್ದೇ ಗೊತ್ತಾಗಲಿಲ್ಲ. ನಮ್ಮ ಅಪ್ಪೆಮರಗಳಿಗೆ ಹೆಸರಿಡುವಾಗಲೂ ಮನೆಯ ಯಜಮಾನರ ಹೆಸರು ನಿಂತಿದೆ. ಮಿಡಿ ಆರಿಸಿ, ಉಪ್ಪಿನಲ್ಲಿ ಹಾಕಿ, ಯಾವ ಮರದ್ದು ಮೂರು ವರ್ಷ ಇಟ್ಟರೂ ಮೆತ್ತಗಾಗದು ಅಂತ ಕಂಡುಹಿಡಿದ ಹೆಂಗಸರ ಹೆಸರು ಎಲ್ಲಿದೆ?

ಒಬ್ಬ ಅಜ್ಜಿಗೆ ಮಾತ್ರ ನ್ಯಾಯ ಸಿಕ್ಕಿದೆ. ಈ ಹಸಿರು ಹಣ್ಣು, ಗ್ರ್ಯಾನಿ ಸ್ಮಿತ್. ಮರಿಯಾ ಆ್ಯನ್ ಸ್ಮಿತ್, ಆಸ್ಟ್ರೇಲಿಯಾದ ಸಿಡ್ನಿ ಹತ್ತಿರದ ಈಸ್ಟ್‌ವುಡ್‌ನವರು. ಎಸೆದ ಸೇಬಿನ ಸಿಪ್ಪೆ, ಬೀಜದ ಜಾಗದಲ್ಲಿ ಎದ್ದ ಸಸಿಯನ್ನು ಕೀಳದೆ ಬೆಳೆಸಿದರು. 1868ರಲ್ಲಿ ಅದನ್ನು ಬೇರೆಯವರಿಗೆ ತೋರಿಸಿದರು, ಎರಡು ವರ್ಷದಲ್ಲಿ ತೀರಿಕೊಂಡರು. ಹಣ್ಣು ಅಜ್ಜಿಯ ಹೆಸರಲ್ಲೇ ಲೋಕ ಸುತ್ತಿತು. ಇದನ್ನು ಹಾಗೇ ತಿನ್ನಲು ಹುಳಿ ಅನ್ನಿಸಿದರೆ ಮಾವಿನಕಾಯಿಯ ಹಾಗೆ ತುರಿದು ಚಿತ್ರಾನ್ನ ಮಾಡಿ ನೋಡಿ. ನಮ್ಮ ಮನೆಯಲ್ಲಿ ಮಾವಿನಕಾಯಿ ಇಲ್ಲದ ಕಾಲಕ್ಕೆ ಮಾಡುತ್ತೇವೆ, ಚೆನ್ನಾಗಿರುತ್ತದೆ.

ನಮ್ಮ ದೇಶದ್ದೇ ಹಳೆಯ ತಳಿ ಇಲ್ಲವೇ ಅಂತ ಕೇಳಿದಿರಿ. ಇದೆ, ಕಾಶ್ಮೀರದ ಅಂಬ್ರಿ. ಶೋಪಿಯಾನ್ ಕಡೆಯದು. ತಡವಾಗಿ ಮಾಗುತ್ತದೆ. ಶೀತಲ ಉಗ್ರಾಣವಿಲ್ಲದೆಯೇ ಚಳಿಗಾಲವಿಡೀ ಕೋಣೆಯಲ್ಲಿ ಉಳಿಯುತ್ತದೆ, ಕೋಣೆಯೆಲ್ಲ ಪರಿಮಳ. ಆದರೆ ಮರ ಫಲಕ್ಕೆ ಬರಲು ಬಹಳ ವರ್ಷ ಕಾಯಬೇಕು, ಬಂದ ಮೇಲೂ ಒಂದು ವರ್ಷ ಚೆನ್ನಾಗಿ ಫಲ ಕೊಟ್ಟರೆ ಮರುವರ್ಷ ಕಡಿಮೆ. ಅದರ ಜಾಗದಲ್ಲಿ ಡೆಲಿಷಿಯಸ್ ಬಂದು ಕೂತಿತು. ಅಲ್ಲಿಯ ಕೃಷಿ ವಿಶ್ವವಿದ್ಯಾಲಯದವರು ಅಂಬ್ರಿಗೂ ರೆಡ್ ಡೆಲಿಷಿಯಸ್‌ಗೂ ಸಂಕರ ಮಾಡಿ ಲಾಲ್ ಅಂಬ್ರಿ ಅನ್ನುವುದನ್ನು ತಂದಿದ್ದಾರೆ. ಅಂಬ್ರಿಯ ಹಳೆಯ ಮರಗಳಿಂದ ಈಗಲೂ ಕಡ್ಡಿ ತೆಗೆಯುವವರು ಇರಬೇಕು, ಇನ್ನೂ ಹೆಚ್ಚಬೇಕು. ಇದು ನನ್ನ ಮನಸ್ಸಿನ ದೊಡ್ಡ ಆಸೆ.

ಇನ್ನು ಹೊಸ ತಳಿಗಳು. ಹೊಸದರಲ್ಲಿ ಹಳೆಯವು ಎಲ್ಲಿ ಅಡಗಿ ಕೂತಿವೆ ಅಂತ ಹುಡುಕುವುದು ನನಗೆ ಇಷ್ಟ. ಈ ಗಾಲಾ ನೋಡಿ, ಇವತ್ತು ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ನ್ಯೂಜಿಲೆಂಡಿನ ಕಿಡ್ ಎಂಬ ಬೆಳೆಗಾರ 1930ರ ದಶಕದಲ್ಲಿ ಮಾಡಿದ್ದು. ತಂದೆ-ತಾಯಿ ಗೋಲ್ಡನ್ ಡೆಲಿಷಿಯಸ್ ಮತ್ತು ಕಿಡ್ಸ್ ಆರೆಂಜ್ ರೆಡ್. ಆ ಕಿಡ್ಸ್ ಆರೆಂಜ್ ರೆಡ್ ಹುಟ್ಟಿದ್ದು ಕಾಕ್ಸ್‌ಗೂ ಡೆಲಿಷಿಯಸ್‌ಗೂ. ಅಂದರೆ ನಮ್ಮ ಪೇಟೆಯಲ್ಲಿ ಸೋತ ಆ ಇಂಗ್ಲಿಷ್ ಕಾಕ್ಸ್, ಮೊಮ್ಮಗುವಿನ ರೂಪದಲ್ಲಿ ನಿಮ್ಮ ಚೀಲದೊಳಗೆ ಬಂದಿದೆ. ಗಾಲಾದ ಆ ತೆಳು ಘಮ ಅಜ್ಜನದೇ ಅಂತ ನನ್ನ ನಂಬಿಕೆ.

ಮಗಳು ತಂದದ್ದು ಫ್ಯೂಜಿ. ಮೇಲೆ ಅಂಟಿಸಿದ ಚೀಟಿಯಲ್ಲಿ 4131 ಅಂತ ಇದೆ, ನೋಡಿ. ಇದು ಫ್ಯೂಜಿಯ ಸಂಖ್ಯೆ. ಅಂಗಡಿಯವರಿಗೆ ಹೆಸರು ಗೊತ್ತಿಲ್ಲದಿದ್ದರೂ ಚೀಟಿ ಹೇಳುತ್ತದೆ. ಜಪಾನಿನ ಅಓಮೊರಿ ಪ್ರಾಂತ್ಯದ ಫುಜಿಸಾಕಿಯಲ್ಲಿ, ಸಂಶೋಧನಾ ಕೇಂದ್ರದಲ್ಲಿ ಹುಟ್ಟಿದ್ದು. 1939ರಲ್ಲಿ ಪರಾಗ ಕೂಡಿಸಿದರು, ಹೆಸರಿಟ್ಟು ಬಿಡುಗಡೆ ಮಾಡಿದ್ದು 1962ರಲ್ಲಿ. ನಡುವೆ ಯುದ್ಧವೇ ಬಂದುಹೋಯಿತು, ಮರಗಳನ್ನು ಕಾಯುವವರು ಕಾದರು. ಹೆಸರು ಜಪಾನಿನದಾದರೂ ಇದರ ತಾಯಿ-ತಂದೆ ಇಬ್ಬರೂ ಅಮೆರಿಕದವರು, ಒಂದು ನಮ್ಮ ಹಯಾಟನ ಡೆಲಿಷಿಯಸ್, ಇನ್ನೊಂದು ರಾಲ್ಸ್ ಜಾನೆಟ್ ಅನ್ನುವ ಹಳೆಯ ತಳಿ. ಡೆಲಿಷಿಯಸ್ ತನ್ನ ಮನೆಯಲ್ಲಿ ಕೆಟ್ಟರೂ ಮಕ್ಕಳಲ್ಲಿ ಒಳ್ಳೆಯದನ್ನು ಬಿಟ್ಟುಹೋಗಿದೆ.

ನಮ್ಮ ಪೇಟೆಯಲ್ಲಿ ಅಪರೂಪ, ಅಮೆರಿಕದಲ್ಲಿರುವ ನಿಮ್ಮ ಮಕ್ಕಳಿಗೆ ಚೆನ್ನಾಗಿ ಗೊತ್ತಿರುವುದು ಹನಿಕ್ರಿಸ್ಪ್. ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ 1960ರಲ್ಲಿ ಮಾಡಿದ ಸಂಕರ. ಸಂಖ್ಯೆ 1711. ಚಳಿ ತಾಳದು ಅಂತ ಕಿತ್ತೆಸೆಯಬೇಕಾದ ಮರಗಳ ಪಟ್ಟಿಗೆ ಸೇರಿಸಿಬಿಟ್ಟಿದ್ದರು. ಆಗ ಹೊಸದಾಗಿ ಬಂದ ಡೇವಿಡ್ ಬೆಡ್‌ಫೋರ್ಡ್ ಎಂಬ ಸಂಶೋಧಕರು, ಇನ್ನೊಂದು ಅವಕಾಶ ಕೊಡೋಣ ಅಂತ ಉಳಿಸಿಕೊಂಡರು. 1991ರಲ್ಲಿ ಬಿಡುಗಡೆಯಾಯಿತು. ಇದರ ವಿಶೇಷ ಇರುವುದು ತಿರುಳಿನಲ್ಲಿ. ಜೀವಕೋಶಗಳು ಬೇರೆ ಸೇಬಿಗಿಂತ ದೊಡ್ಡವು, ಕಚ್ಚಿದಾಗ ಒಂದರಿಂದೊಂದು ಬಿಡುವುದಿಲ್ಲ, ಒಡೆಯುತ್ತವೆ, ಒಳಗಿನ ರಸವೆಲ್ಲ ಒಮ್ಮೆಗೇ ಬಾಯಿಗೆ ಬರುತ್ತದೆ. ಹಿಟ್ಟು ಹಿಟ್ಟಾದ ಸೇಬಿನಲ್ಲಿ ಇದರ ತಿರುವುಮುರುವು: ಕೋಶಗಳು ಒಡೆಯದೆ ಬಿಡಿಬಿಡಿಯಾಗಿ ಉದುರುತ್ತವೆ, ರಸ ಒಳಗೇ ಉಳಿದುಬಿಡುತ್ತದೆ. ಹನಿಕ್ರಿಸ್ಪ್‌ನ ಮಗು ಕಾಸ್ಮಿಕ್ ಕ್ರಿಸ್ಪ್, ವಾಷಿಂಗ್ಟನ್ ರಾಜ್ಯದ ವಿಶ್ವವಿದ್ಯಾಲಯದ್ದು, 1997ರ ಸಂಕರ, ಅಂಗಡಿಗೆ ಬಂದದ್ದು 2019ರ ಡಿಸೆಂಬರಿನಲ್ಲಿ. ಮೊದಲ ಕೆಲವು ವರ್ಷ ಅಮೆರಿಕದಲ್ಲಿ ಆ ರಾಜ್ಯದ ಬೆಳೆಗಾರರಿಗೆ ಬಿಟ್ಟು ಬೇರೆಯವರಿಗೆ ಅದನ್ನು ಬೆಳೆಯುವ ಹಕ್ಕಿಲ್ಲ. ಹುಟ್ಟಿಸಿದವರ 22 ವರ್ಷದ ದುಡಿಮೆಗೆ ಪ್ರತಿಫಲ ಬೇಕು, ಒಪ್ಪುತ್ತೇನೆ. ಆದರೂ ನೆರೆಮನೆಗೆ ಕಸಿ ಕಡ್ಡಿ ಕೊಡುವ ಊರಿನಲ್ಲಿ ಬೆಳೆದ ನನಗೆ, ಕಡ್ಡಿ ಕೊಟ್ಟರೆ ಅಪರಾಧ ಅನ್ನುವ ಕಾಲ ಒಗ್ಗುವುದಿಲ್ಲ.

ಕೊನೆಯದಾಗಿ, ಎಲ್ಲರೂ ಕೇಳುವ ಪ್ರಶ್ನೆ: ನಮ್ಮ ಕಡೆ ಸೇಬು ಬರುತ್ತದೆಯೇ? ಸೇಬಿನ ಮೊಗ್ಗು ಚಳಿಗಾಲದಲ್ಲಿ ನಿದ್ದೆ ಹೋಗುತ್ತದೆ. ಎದ್ದು ಅರಳಬೇಕಾದರೆ ಸುಮಾರು 7 ಡಿಗ್ರಿಗಿಂತ ಕಡಿಮೆ ಚಳಿಯಲ್ಲಿ ಇಷ್ಟು ಗಂಟೆ ಕಳೆದಿರಬೇಕು ಅನ್ನುವ ಲೆಕ್ಕ ಇದೆ. ಡೆಲಿಷಿಯಸ್‌ಗೆ ಸಾವಿರದ ಆಸುಪಾಸು. ಚಳಿ ಕಡಿಮೆಯಾಗುತ್ತಿರುವುದರಿಂದ ಹಿಮಾಚಲದಲ್ಲೇ ತೋಟಗಳು ಮೇಲೆ ಮೇಲೆ ಹತ್ತುತ್ತಿವೆ. ಆದರೆ ಕಡಿಮೆ ಚಳಿಗೂ ಒಗ್ಗುವ ಮರಗಳಿವೆ. ಲಾಲ್‌ಬಾಗ್‌ನ ಮೇಲ್ವಿಚಾರಕರಾಗಿದ್ದ ಜಾನ್ ಕ್ಯಾಮರನ್ ಕಾಲದಲ್ಲಿ ಸೀಮೆಬದನೆಯ ಹಾಗೆ ಸೇಬೂ ಬೆಂಗಳೂರಿಗೆ ಬಂತು. ಅಲ್ಲಿ ಬೆಳೆಯುತ್ತಿದ್ದದ್ದು ರೋಮ್ ಬ್ಯೂಟಿ. ಅದು ಹುಟ್ಟಿದ್ದು ಅಮೆರಿಕದ ಒಹಾಯೊ ನದಿಯ ದಂಡೆಯಲ್ಲಿ, ಕಸಿ ಗಿಡದ ಬುಡದಿಂದ ಎದ್ದ, ಬೇಡವೆಂದು ಪಕ್ಕಕ್ಕಿಟ್ಟ ಚಿಗುರಿನಿಂದ. ಅದೇ ತಳಿಯನ್ನು ಜಾವಾ ದ್ವೀಪದ ಮಲಾಂಗ್ ಸುತ್ತಿನಲ್ಲಿ, ಚಳಿಯೇ ಇಲ್ಲದ ಕಡೆ, ರೈತರು ಕೈಯಿಂದ ಎಲೆ ಕಿತ್ತು ಮರವನ್ನು ಹೂವಿಗೆ ತರುತ್ತಾರೆ. ವರ್ಷಕ್ಕೆ ಎರಡು ಬೆಳೆ. ಬೆಂಗಳೂರಿನ ಸೇಬಿನ ತೋಟಗಳ ಜಾಗದಲ್ಲಿ ಮನೆಗಳೆದ್ದವು.

ಈಗ ನಮ್ಮ ರಾಜ್ಯದಲ್ಲೂ ಹಲವರು ನೆಟ್ಟಿರುವುದು ಎಚ್‌ಆರ್‌ಎಂಎನ್-99 ಅನ್ನುವ ಸೇಬಿನ ತಳಿ. ಹಿಮಾಚಲದ ಬಿಲಾಸ್‌ಪುರ ಜಿಲ್ಲೆಯ ರೈತ ಹರಿಮನ್ ಶರ್ಮಾ, ಮನೆಗೆ ತಂದ ಸೇಬಿನ ಬೀಜ ಹಿತ್ತಿಲಲ್ಲಿ ಬಿದ್ದು ಎದ್ದ ಸಸಿಯನ್ನು ಗಮನಿಸಿ ಬೆಳೆಸಿದರು. ಮಾವು ಬೆಳೆಯುವಂಥ ತಗ್ಗಿನ, ಸೆಕೆಯ ಊರಿನಲ್ಲಿ ಅದು 2001ರಲ್ಲಿ ಹಣ್ಣು ಬಿಟ್ಟಿತು. 2025ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಹಯಾಟನ ಸಸಿ, ಸಿಡ್ನಿಯ ಅಜ್ಜಿಯ ಸಸಿ, ಹರಿಮನ್ ಅವರ ಸಸಿ, ಮೂರೂ ಯಾರೂ ನೆಡದೆ ಎದ್ದವು. ಕೀಳದೆ ಬಿಟ್ಟ ಕೈಗಳು ಇದ್ದವು.

ಆ ತಳಿಯ ಎರಡು ಗಿಡ ನನ್ನ ಹಿತ್ತಿಲಲ್ಲೂ ಇವೆ. ನಾಲ್ಕು ವರ್ಷವಾಯಿತು. ಹೋದ ಫೆಬ್ರವರಿಯಲ್ಲಿ ಹೂ ಬಿಟ್ಟು, ಮೇ ಕೊನೆಗೆ ಹನ್ನೊಂದು ಹಣ್ಣು ಕೊಟ್ಟಿತು. ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದು, ಹಳದಿ ಮೈಗೆ ಒಂದು ಕಡೆ ಕೆಂಪು ಗೆರೆ, ಹುಳಿ-ಸಿಹಿ. ಮಳೆ ಹಿಡಿದ ಮೇಲೆ ಎಲೆಯೆಲ್ಲ ಚುಕ್ಕೆ ಬಿದ್ದು ಉದುರಿತು. ನಮ್ಮ ಮಳೆ ಅದಕ್ಕೆ ಜಾಸ್ತಿ. ಆದಾಯಕ್ಕೆ ಅಂತ ಇಲ್ಲಿ ಎಕರೆಗಟ್ಟಲೆ ನೆಡಬೇಡಿ, ಹಿತ್ತಿಲಿಗೆ ಒಂದೆರಡು ನೆಡಿ. ಕಡ್ಡಿ ಬೇಕಾದವರು ಜನವರಿಯಲ್ಲಿ ಬನ್ನಿ, ಎಲೆ ಇಲ್ಲದ ಕಾಲಕ್ಕೆ ಕೊಯ್ದು ಕೊಡುತ್ತೇನೆ, ಒದ್ದೆ ಬಟ್ಟೆ ತನ್ನಿ.

ಈಗ ಹೆಚ್ಚುತ್ತೇನೆ. ಮೊದಲು ಗೋಲ್ಡನ್ ತಿನ್ನಿ, ಆಮೇಲೆ ರಾಯಲ್, ಗಾಲಾ, ಫ್ಯೂಜಿ. ಹಸಿರು ಹಣ್ಣು ಕೊನೆಗೆ, ಮೊದಲೇ ತಿಂದರೆ ಅದರ ಹುಳಿಯಲ್ಲಿ ಮಿಕ್ಕ ಯಾವುದರ ರುಚಿಯೂ ಹತ್ತುವುದಿಲ್ಲ. ಬೀಜಗಳನ್ನು ಎಸೆಯಬೇಡಿ, ಈ ಬಟ್ಟಲಿಗೆ ಹಾಕಿ.